ಕಾಗೋಡಿನ ಹಿರಿಯರಿಗೂ ನನ್ನ ವಾರ್ಡಿನ ಮತದಾರರಿಗೂ

2020ರ ಡಿಸೆಂಬರ್ ಚುನಾವಣೆಯಲ್ಲಿ ನೀವು ನನಗೆ ಕೊಟ್ಟ ಗ್ರಾಮ ಪಂಚಾಯಿತಿ ಸದಸ್ಯತ್ವದ ಅವಧಿ ಮುಗಿದಿದೆ. ಮತ ಹಾಕಿದವರಿಗೂ, ಹಾಕದಿದ್ದರೂ ಗ್ರಾಮಸಭೆಗೆ ಬಂದು ಕುಡಿಯುವ ನೀರಿನ ಲೆಕ್ಕ ಕೇಳಿದವರಿಗೂ ನಾನು ಋಣಿಯಾಗಿದ್ದೇನೆ. ಇದೇ ಸಂದರ್ಭದಲ್ಲಿ ಸಾಗರ ಸೀಮೆಯ ಗೇಣಿದಾರರಾಗಿದ್ದ ನಮ್ಮ ಹಿರಿಯರಿಗೂ ನನ್ನ ವಂದನೆಗಳನ್ನು ಸಲ್ಲಿಸಬೇಕಾಗಿದೆ.

ನಮ್ಮ ಅಟ್ಟದ ಮೇಲೆ ಒಂದು ಹಳೆಯ ಕೊಳಗವಿದೆ. ಅದರ ಬಾಯಿಯ ಸುತ್ತಲಿನ ಪಟ್ಟಿ ಕಪ್ಪಾಗಿದೆ, ತಳದಲ್ಲಿ ಸಣ್ಣ ಬಿರುಕು ಬಿಟ್ಟಿದೆ. ಗೇಣಿಯ ಭತ್ತ ಅಳೆಯುವ ದಿನ ಒಡೆಯರ ಅಂಗಳದಲ್ಲಿ ಇದಕ್ಕಿಂತ ದೊಡ್ಡ ಕೊಳಗ ಹೊರಬರುತ್ತಿತ್ತೆಂದು ಹೇಳುವಾಗ ಅಜ್ಜಿ ಎರಡೂ ಕೈಗಳನ್ನು ಅಗಲಿಸಿ ಅದರ ಗಾತ್ರ ತೋರಿಸುತ್ತಿದ್ದರು. ಅಳತೆ ನ್ಯಾಯವಾಗಿರಲಿ ಎಂದು ಕೇಳಿದ ಕಾಗೋಡಿನ ದೀವರ ಸಮುದಾಯದ ಗೇಣಿದಾರರಿಗೆ ಗದ್ದೆಯೇ ಕೈತಪ್ಪುವ ಸ್ಥಿತಿ ಬಂದಾಗ, 1951ರ ಏಪ್ರಿಲ್‌ನಲ್ಲಿ ಅವರು ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ ತಂಡತಂಡವಾಗಿ ಅದೇ ಗದ್ದೆಗಿಳಿದು ಬಂಧನಕ್ಕೊಳಗಾದರು. ಸಮಾಜವಾದಿ ಪಕ್ಷ ಜೊತೆಗೂಡಿತು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಅವರೂ ಬಂದು ಬಂಧಿತರಾದರು.

ಆ ಸತ್ಯಾಗ್ರಹದಿಂದ ಕೂಡಲೇ ಭೂಮಿ ದಕ್ಕಲಿಲ್ಲ. ಆದರೂ ಅದನ್ನು ಸೋಲೆಂದು ಕರೆಯಲು ನಾನು ಒಪ್ಪುವುದಿಲ್ಲ, ಏಕೆಂದರೆ ಮರುವರ್ಷವೇ, 1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ, ಈ ಸೀಮೆಯ ಜನರು ಚಳವಳಿಯಲ್ಲಿ ತಮ್ಮೊಂದಿಗೆ ನಿಂತಿದ್ದ ಶಾಂತವೇರಿ ಗೋಪಾಲಗೌಡರನ್ನು ವಿಧಾನಸಭೆಗೆ ಕಳುಹಿಸಿದರು. ಉಳುವವನೇ ಭೂಮಿಯ ಒಡೆಯ ಎಂದ ದೇವರಾಜ ಅರಸು ಸರ್ಕಾರದ ಭೂಸುಧಾರಣೆ 1974ರಲ್ಲಿ ಜಾರಿಗೆ ಬರುವ ಹೊತ್ತಿಗೆ ಗೌಡರು ತೀರಿಕೊಂಡು ಎರಡು ವರ್ಷಗಳಾಗುತ್ತಿದ್ದವು. ಅಜ್ಜ ಭೂ ನ್ಯಾಯಮಂಡಳಿಗೆ ಡಿಕ್ಲರೇಷನ್ ಕೊಟ್ಟರು, ಪಹಣಿಯಲ್ಲಿ ಅವರ ಹೆಸರು ಬಂತು, ಗೇಣಿಗೆ ಹೋಗುತ್ತಿದ್ದ ಭತ್ತ ಮನೆಯಲ್ಲೇ ಉಳಿದದ್ದರಿಂದ ಅಪ್ಪನ ಓದು ಮುಂದುವರಿಯಿತು. ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ಅರ್ಧದಷ್ಟು ಸ್ಥಾನ ಮೀಸಲಾದದ್ದರಿಂದ ನನಗೂ ಅವಕಾಶ ಸಿಕ್ಕಿತು.

ಕಾಗೋಡಿನ ಚಳವಳಿಯಲ್ಲಿ ಹೆಂಗಸರೂ ಇದ್ದರು. ಗಂಡಸರು ಜೈಲಿನಲ್ಲಿದ್ದ ದಿನಗಳಲ್ಲಿ ಮನೆ, ಮಕ್ಕಳು, ದನಕರುಗಳ ಭಾರವನ್ನೆಲ್ಲ ಹೊತ್ತ ಅವರಲ್ಲಿ ಹೆಚ್ಚಿನವರ ಹೆಸರು ನಮಗೆ ಉಳಿದಿಲ್ಲ. ನನ್ನ ಕೃತಜ್ಞತೆ ಎಲ್ಲರಿಗಿಂತ ಮೊದಲು ಅವರಿಗೆ ಸಲ್ಲಬೇಕು.

ನಮ್ಮ ವಾರ್ಡಿನಲ್ಲಿ ಬಗರ್‌ಹುಕುಂ ಸಾಗುವಳಿ, ಅಂದರೆ ಮಂಜೂರಾತಿಯಿಲ್ಲದೆ ಸರ್ಕಾರಿ ಜಮೀನಿನಲ್ಲಿ ಸಾಗುವಳಿ, ಮಾಡುತ್ತಿರುವ ಕೆಲವು ಕುಟುಂಬಗಳಿಗೆ ಹಕ್ಕುಪತ್ರ ಕೊಡಿಸುವುದು ನನ್ನ ಅವಧಿಯಲ್ಲಿ ಆಗಲಿಲ್ಲ. ಅದಕ್ಕಾಗಿ ಕ್ಷಮೆ ಕೇಳುತ್ತೇನೆ. ಅವರ ಅರ್ಜಿಗಳ ಪ್ರತಿಗಳನ್ನು ಜೋಪಾನವಾಗಿ ಇಟ್ಟಿದ್ದೇನೆ. ತಾಲ್ಲೂಕು ಕಚೇರಿಗೆ ಹೋಗುವ ದಿನ ಕರೆದರೆ ಸದಸ್ಯೆಯಾಗಿರದಿದ್ದರೂ ಜೊತೆಗೆ ಬರುತ್ತೇನೆ.