ಬಾವಿಯ ತಳದ ನಾಣ್ಯ

ಪ್ರೀತಿಯ ತಮ್ಮನಿಗೆ,

ನಿಧಿ ಹುಡುಕಿ ಹೊರಡುವ ಮಕ್ಕಳ ಕತೆಯ ‘ದಿ ಗೂನೀಸ್’ ಸಿನಿಮಾ ಕುರಿತ ನಿನ್ನ ಲೇಖನ ತಲುಪಿತು. ನೀನು ಎಷ್ಟು ಖುಷಿಪಟ್ಟು ನೋಡಿದ್ದೀಯ ಎಂಬುದು ಮೊದಲ ಪುಟದಲ್ಲೇ ತಿಳಿಯಿತು. ಯಾಕೆ ಖುಷಿಪಟ್ಟೆ ಎಂಬುದು ಕೊನೆಯವರೆಗೂ ತಿಳಿಯಲಿಲ್ಲ. ‘ಕಳೆದುಹೋದ ಬಾಲ್ಯ’, ‘ಆ ಮುಗ್ಧ ದಿನಗಳು’ ಎಂಬ ಮಾತುಗಳು ಪುಟಪುಟದಲ್ಲೂ ಬರುತ್ತವೆ. ಯಾರ ಬಾಲ್ಯ ಮಾರಾಯಾ? ಚಿತ್ರ ತೆರೆಕಂಡದ್ದು 1985ರಲ್ಲಿ, ನೀನು ಹುಟ್ಟುವುದಕ್ಕೆ ಎಷ್ಟೋ ಮೊದಲು. ಕತೆ ನಡೆಯುವುದು ಅಮೆರಿಕದ ಒರೆಗಾನ್ ರಾಜ್ಯದ ಆಸ್ಟೋರಿಯಾದಲ್ಲಿ. ಆದರೂ ನಿನಗೆ ಹಳೆಯ ಗೆಳೆಯರು ಸಿಕ್ಕಂತಾಯಿತು ಎಂದರೆ ಅದು ಚಿತ್ರದ ಕರಾಮತ್ತು. ಅದನ್ನು ಹೇಗೆ ಸಾಧಿಸಿದರು ಎಂದು ಹುಡುಕಿ ಬರೆ.

ಆರಂಭವನ್ನು ಮತ್ತೊಮ್ಮೆ ನೋಡು. ಜೈಲಿನಿಂದ ತಪ್ಪಿಸಿಕೊಂಡ ಕಳ್ಳನ ಕಾರು, ಅದರ ಬೆನ್ನಿಗೆ ಪೊಲೀಸರು. ಆ ಕಾರು ಊರು ದಾಟುವಷ್ಟರಲ್ಲಿ ನಿರ್ದೇಶಕ ರಿಚರ್ಡ್ ಡಾನರ್ ಬಹುಪಾಲು ಮಕ್ಕಳನ್ನು ನಮಗೆ ತೋರಿಸಿಬಿಡುತ್ತಾರೆ. ದಪ್ಪ ಹುಡುಗ ಚಂಕ್, ಕಾರು ನೋಡುವ ಭರದಲ್ಲಿ ಕೈಯಲ್ಲಿದ್ದ ಪಿಜ್ಜಾ, ಮಿಲ್ಕ್‌ಶೇಕ್ ಎರಡನ್ನೂ ಕಿಟಕಿಯ ಗಾಜಿಗೆ ಒತ್ತಿ ಅಪ್ಪಚ್ಚಿ ಮಾಡುತ್ತಾನೆ. ಅವನ ಬಗ್ಗೆ ಇನ್ನೇನು ಹೇಳಬೇಕು? ಇದೇ ಮಕ್ಕಳ ಪರಿಚಯಕ್ಕೆ ನೀನು ಎರಡು ಪುಟ ಖರ್ಚು ಮಾಡಿದ್ದೀಯ.

ನಕ್ಷೆ, ಸುರಂಗ, ಒಕ್ಕಣ್ಣ ಕಡಲ್ಗಳ್ಳ ವಿಲ್ಲಿಯ ನಿಧಿ, ಇವನ್ನೆಲ್ಲ ಚೆನ್ನಾಗಿಯೇ ಬರೆದಿದ್ದೀಯ. ಆದರೆ ಮಕ್ಕಳು ಹೊರಟದ್ದು ಯಾಕೆ? ಅವರ ಮನೆಗಳು ಸಾಲಕ್ಕೆ ಹೋಗಲಿವೆ. ಅಲ್ಲಿ ಗಾಲ್ಫ್ ಮೈದಾನ ಮಾಡಲು ಶ್ರೀಮಂತರು ಕಾದಿದ್ದಾರೆ. ಈ ಆತಂಕ ಇಲ್ಲದಿದ್ದರೆ ಆ ಸುರಂಗವೆಲ್ಲ ಜಾತ್ರೆಯ ತೊಟ್ಟಿಲಿನಷ್ಟೇ ರೋಮಾಂಚನ.

ನನಗೆ ತೀರಾ ಇಷ್ಟವಾದ ಬಾವಿಯ ದೃಶ್ಯ ನಿನ್ನ ಲೇಖನದಲ್ಲಿ ಇಲ್ಲವೇ ಇಲ್ಲ. ನೆಲದಡಿ ಸಾಗುತ್ತಾ ಮಕ್ಕಳು, ಜನ ನಾಣ್ಯ ಎಸೆದು ಏನನ್ನೋ ಬೇಡಿಕೊಳ್ಳುವ ಬಾವಿಯ ತಳಕ್ಕೆ ಬಂದಿರುತ್ತಾರೆ. ಕಾಲಡಿ ನಾಣ್ಯಗಳು. ಬಾಚಿಕೊಳ್ಳಲು ಹೋದವರನ್ನು ಗುಂಪಿನ ಹುಡುಗಿ ಸ್ಟೆಫ್ ತಡೆಯುತ್ತಾಳೆ: ಇವು ಬೇರೆಯವರ ಆಸೆಗಳು. ಆಗ ಮೌತ್ ಎಂಬ ಬಾಯಿಬಡುಕ, ಅಲ್ಲಿಯವರೆಗೆ ಎಲ್ಲರನ್ನೂ ಗೇಲಿ ಮಾಡಿಕೊಂಡೇ ಬಂದವನು, ಒಂದು ನಾಣ್ಯ ಎತ್ತಿಕೊಂಡು, ಇದು ತಾನು ಹಾಕಿದ್ದು, ಬೇಡಿದ್ದು ಈಡೇರಲಿಲ್ಲ, ಅದಕ್ಕೇ ವಾಪಸ್ ತೆಗೆದುಕೊಳ್ಳುತ್ತೇನೆ ಎನ್ನುತ್ತಾನೆ. ಏನು ಬೇಡಿದ್ದ? ಚಿತ್ರ ಹೇಳುವುದಿಲ್ಲ. ನಮ್ಮಂಥವರಾಗಿದ್ದರೆ ಅಲ್ಲೇ ಒಂದು ಫ್ಲ್ಯಾಶ್‌ಬ್ಯಾಕ್ ಇಟ್ಟು, ಹಿನ್ನೆಲೆಗೆ ಪಿಟೀಲು ಬಾರಿಸಿಬಿಡುತ್ತಿದ್ದೆವು. ಅಷ್ಟರಲ್ಲಿ ಮೇಲಿಂದ ಬಕೆಟ್ ಇಳಿಯುತ್ತದೆ. ಹತ್ತಿ ಕುಳಿತರೆ ಮನೆ ಸೇರಬಹುದು. ಆಸ್ತಮಾದ ಹುಡುಗ ಮೈಕಿ ಎಲ್ಲರನ್ನೂ ನಿಲ್ಲಿಸುತ್ತಾನೆ: ಮೇಲೆ ಹೋದರೆ ಅದು ದೊಡ್ಡವರ ಕಾಲ, ಇಲ್ಲಿ ಕೆಳಗೆ ನಮ್ಮದು. ನೀನು ಹುಡುಕುತ್ತಿರುವ ಆ ‘ಬಾಲ್ಯ’ ಈ ಬಾವಿಯಲ್ಲಿದೆ. ಇಲ್ಲಿ ನಿಂತು ಬರೆ.

ವಿಲ್ಲಿಯ ಹಡಗಿನ ಬಗ್ಗೆ ಒಂದು ಮಾತು. ಪೂರ್ಣ ಗಾತ್ರದ ಕಡಲ್ಗಳ್ಳರ ಹಡಗನ್ನೇ ಕಟ್ಟಿಸಿದ ಡಾನರ್, ಕ್ಯಾಮೆರಾ ಓಡುವವರೆಗೂ ಅದನ್ನು ಮಕ್ಕಳಿಗೆ ತೋರಿಸಿರಲಿಲ್ಲ. ನೀನು ಮೊದಲ ಪ್ಯಾರಾದಲ್ಲೇ ಹಡಗು ಹತ್ತಿಸಿದ್ದೀಯ!

ಚಂಕ್‌ನ ಹೊಟ್ಟೆ ಕುಣಿಸಿ ನಗಿಸುವುದು, ಗುಂಪಿನ ಇನ್ನೊಬ್ಬ ಹುಡುಗ ಡೇಟಾನ ಇಂಗ್ಲಿಷ್ ಉಚ್ಚಾರಣೆಯನ್ನೇ ತಮಾಷೆ ಮಾಡುವುದು ಇವತ್ತು ಕಸಿವಿಸಿ ತರುತ್ತವೆ. ಡೇಟಾ ಆಗಿ ನಟಿಸಿದ ಕೀ ಹುಯ್ ಕ್ವಾನ್, ವಿಯೆಟ್ನಾಂನಿಂದ ನಿರಾಶ್ರಿತನಾಗಿ ಬಂದ ಹುಡುಗ. 2023ರಲ್ಲಿ ಆಸ್ಕರ್ ಪಡೆದವರು. ಕಸಿವಿಸಿಯನ್ನು ನೇರವಾಗಿ ಬರೆ. ಆದರೆ ಅದರ ನೆಪದಲ್ಲಿ, ನಕ್ಕದ್ದಕ್ಕೆಲ್ಲ ಓದುಗರ ಕ್ಷಮೆ ಕೇಳುತ್ತಾ ಕೂರಬೇಡ. ನಿನ್ನ ಮೂರನೇ ಪುಟ ಪೂರ್ತಿ ಅದೇ ಆಗಿದೆ.

ಕೊನೆಯಲ್ಲಿ ಡೇಟಾ, ಆಕ್ಟೋಪಸ್ ನೋಡಿ ತುಂಬಾ ಭಯವಾಯಿತು ಎನ್ನುತ್ತಾನಲ್ಲ, ಗಮನಿಸಿದೆಯಾ? ಚಿತ್ರದಲ್ಲಿ ಆಕ್ಟೋಪಸ್ಸೇ ಇಲ್ಲ. ಸಂಕಲನದಲ್ಲಿ ದೃಶ್ಯ ಹಾರಿಹೋಗಿದೆ, ಮಾತು ಉಳಿದುಬಿಟ್ಟಿದೆ. ನೀನೂ ನಾಲ್ಕನೇ ಪುಟದಲ್ಲಿ ‘ಮೇಲೆ ಹೇಳಿದ ಸ್ಲಾತ್’ ಎಂದು ಬರೆದಿದ್ದೀಯ. ಕಳ್ಳರ ಕುಟುಂಬದ ಆ ದೈತ್ಯನ ಸುಳಿವು ಮೇಲೆಲ್ಲೂ ಇಲ್ಲ. ಅವನನ್ನು ಎಲ್ಲಾದರೂ ಕರೆತಂದು, ಪರಿಚಯದ ಪುಟಗಳನ್ನು ಕಿತ್ತುಹಾಕಿ, ತಿಂಗಳೊಳಗೆ ಇನ್ನೊಂದು ಪ್ರತಿ ಕಳಿಸು.

ಪ್ರೀತಿಯಿಂದ,
ನಿನ್ನ ಅಣ್ಣ