ಒಂದು–ಸೊನ್ನೆ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಮೂರು ಗಂಟೆಗೂ ಮೀರಿ ಆಡಿ ಒಂದೇ ಒಂದು ರನ್ ಬಂದ ಬೇಸ್‌ಬಾಲ್ ಆಟದಲ್ಲಿ ನೋಡುವುದಕ್ಕೆ ಏನಿರುತ್ತದೆ ಎಂದು ಕೇಳಿದ್ದೆಯಲ್ಲ, ಅದಕ್ಕೆ ಉತ್ತರವಾಗಿ ಒಂದೇ ಪಂದ್ಯದ ಕಥೆ ಬರೆಯುತ್ತಿದ್ದೇನೆ. ಎದುರಾಳಿಗೆ ಒಂದೂ ರನ್ ಬಿಟ್ಟುಕೊಡದೆ ಗೆಲ್ಲುವುದನ್ನು ಬೇಸ್‌ಬಾಲ್‌ನಲ್ಲಿ ಶಟ್‌ಔಟ್ ಎನ್ನುತ್ತಾರೆ. ನನ್ನ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿರುವ ಶಟ್‌ಔಟ್ ಎಂದರೆ 1991ರ ಅಕ್ಟೋಬರ್ 27ರ ರಾತ್ರಿ ಮಿನಿಯಾಪೊಲಿಸ್‌ನ ಮೆಟ್ರೊಡೋಮ್‌ನಲ್ಲಿ ನಡೆದ ವರ್ಲ್ಡ್ ಸೀರೀಸ್‌ನ (ಅಮೆರಿಕದ ಬೇಸ್‌ಬಾಲ್‌ನ ಅಂತಿಮ ಸರಣಿ, ನಾಲ್ಕು ಪಂದ್ಯ ಗೆದ್ದವರೇ ಚಾಂಪಿಯನ್) ಏಳನೆಯ ಪಂದ್ಯ. ಮಿನೆಸೋಟ ಟ್ವಿನ್ಸ್ ಮತ್ತು ಅಟ್ಲಾಂಟ ಬ್ರೇವ್ಸ್ ತಲಾ ಮೂರು ಪಂದ್ಯ ಗೆದ್ದಿದ್ದವು. ಹಿಂದಿನ ವರ್ಷ ಈ ಎರಡೂ ತಂಡಗಳು ತಮ್ಮ ತಮ್ಮ ವಿಭಾಗಗಳಲ್ಲಿ ಕಟ್ಟಕಡೆಯ ಸ್ಥಾನದಲ್ಲಿದ್ದವು.

ಟ್ವಿನ್ಸ್ ಪರವಾಗಿ ಚೆಂಡೆಸೆದವನು ಪಕ್ಕದ ಸೇಂಟ್ ಪಾಲ್‌ನಲ್ಲೇ ಹುಟ್ಟಿದ, ಮೂವತ್ತಾರು ವರ್ಷದ ಜ್ಯಾಕ್ ಮಾರಿಸ್. ಎದುರಿಗಿದ್ದವನು ಇಪ್ಪತ್ತನಾಲ್ಕರ ಜಾನ್ ಸ್ಮೋಲ್ಟ್ಜ್. ಮಿಷಿಗನ್‌ನಲ್ಲಿ ಬೆಳೆಯುವಾಗ ಡೆಟ್ರಾಯ್ಟ್ ತಂಡದಲ್ಲಿದ್ದ ಇದೇ ಮಾರಿಸ್‌ನನ್ನು ಆರಾಧಿಸಿದವನು. ಎರಡೂ ತಂಡಗಳು ಒಂದೊಂದು ಸರದಿ ಬ್ಯಾಟ್ ಮಾಡಿದರೆ ಒಂದು ಇನಿಂಗ್ಸ್, ಮೂವರು ಔಟಾದರೆ ಸರದಿ ಮುಗಿಯಿತು, ಪಂದ್ಯಕ್ಕೆ ಅಂಥವು ಒಂಬತ್ತು. ಏಳು ಇನಿಂಗ್ಸ್ ಮುಗಿದರೂ ಎರಡೂ ಕಡೆ ಸೊನ್ನೆ.

ಆಟದ ಜೀವವೆಲ್ಲ ಇರುವುದು ಎಂಟನೆಯ ಇನಿಂಗ್ಸ್‌ನಲ್ಲಿ. ಓಟಗಾರ ಮೂರು ಬೇಸ್ ದಾಟಿ ಹೋಮ್ ಪ್ಲೇಟ್ ಎಂಬ ಮನೆ ಮುಟ್ಟಿದರೆ ಒಂದು ರನ್. ಬ್ರೇವ್ಸ್‌ನ ಲಾನಿ ಸ್ಮಿತ್ ಮೊದಲ ಬೇಸ್‌ನಲ್ಲಿದ್ದಾಗ ಟೆರಿ ಪೆಂಡಲ್ಟನ್ ಹೊಡೆದ ಚೆಂಡು ಎಡ ಮತ್ತು ಮಧ್ಯದ ಕ್ಷೇತ್ರಗಳ ನಡುವೆ ಆಳಕ್ಕೆ ಹೋಯಿತು. ಚೆಂಡು ಹೊಡೆಯುವ ಮೊದಲೇ ಓಟ ಕಿತ್ತಿದ್ದ ಸ್ಮಿತ್ ಸುಲಭವಾಗಿ ಮನೆ ಮುಟ್ಟಬೇಕಿತ್ತು. ಆದರೆ ಟ್ವಿನ್ಸ್‌ನ ಚಕ್ ನಾಬ್ಲಾಕ್, ಚೆಂಡು ತನ್ನ ಕೈಗೇ ಬಂದಿದೆಯೇನೋ ಎಂಬಂತೆ ಬಾಗಿ ಹಿಡಿದು ಎಸೆಯುವ ನಟನೆ ಮಾಡಿದ. ಗ್ರೆಗ್ ಗ್ಯಾಗ್ನಿ ಅದನ್ನು ಹಿಡಿಯಲು ಎರಡನೆಯ ಬೇಸ್ ಕಡೆಗೆ ಧಾವಿಸುವಂತೆ ನಟಿಸಿದ. ಚೆಂಡು ಎಲ್ಲಿದೆಯೆಂದು ತಿಳಿಯದೆ ಸ್ಮಿತ್ ಎರಡನೆಯ ಬೇಸ್ ದಾಟಿ ನಿಂತುಬಿಟ್ಟ, ಕೊನೆಗೆ ಮೂರನೆಯದರ ತನಕ ಮಾತ್ರ ಹೋದ.

ಆದರೂ ಟ್ವಿನ್ಸ್ ಪಾಲಿಗೆ ಸ್ಥಿತಿ ಭಯಂಕರವೇ: ಎರಡನೆಯ ಮತ್ತು ಮೂರನೆಯ ಬೇಸ್‌ಗಳಲ್ಲಿ ಓಟಗಾರರು, ಒಬ್ಬನೂ ಔಟಾಗಿಲ್ಲ. ರಾನ್ ಗ್ಯಾಂಟ್ ಮೊದಲ ಬೇಸ್ ಕಾಯುತ್ತಿದ್ದ ಟ್ವಿನ್ಸ್‌ನ ಕೆಂಟ್ ಹರ್ಬೆಕ್‌ಗೆ ಮೆಲ್ಲನೆ ಚೆಂಡುರುಳಿಸಿ ಔಟಾದ, ಓಟಗಾರರು ಕದಲಲಿಲ್ಲ. ಅಪಾಯಕಾರಿ ಡೇವಿಡ್ ಜಸ್ಟಿಸ್‌ಗೆ ಬೇಕೆಂದೇ ಮೊದಲ ಬೇಸ್ ಬಿಟ್ಟುಕೊಟ್ಟು ಮೂರೂ ಬೇಸ್ ತುಂಬಿಸಿಕೊಂಡರು. ಮುಂದಿನ ಬ್ಯಾಟರ್ ಸಿಡ್ ಬ್ರೀಮ್ ವೇಗವಾಗಿ ಓಡಬಲ್ಲವನಲ್ಲ. ಅವನು ಹೊಡೆದದ್ದೂ ಹರ್ಬೆಕ್ ಕಡೆಗೇ. ಹರ್ಬೆಕ್ ಹೋಮ್ ಪ್ಲೇಟ್‌ನಲ್ಲಿದ್ದ ಕ್ಯಾಚರ್ ಬ್ರಯನ್ ಹಾರ್ಪರ್‌ಗೆ ಎಸೆದ, ಹಾರ್ಪರ್ ಮರಳಿ ಹರ್ಬೆಕ್‌ಗೆ ಎಸೆದ, ಎರಡೂ ಕಡೆ ಓಟಗಾರರಿಗಿಂತ ಮೊದಲೇ ಚೆಂಡು ತಲುಪಿ ಒಂದೇ ಹೊಡೆತಕ್ಕೆ ಇಬ್ಬರು ಔಟ್, ಸರದಿ ಮುಗಿಯಿತು. ದಾಖಲೆಯ ಪುಸ್ತಕ ಆ ಸೊನ್ನೆಯನ್ನು ಮಾರಿಸ್‌ನ ಹೆಸರಿಗೆ ಬರೆದಿದೆ, ಸರಿಯೇ. ಆದರೆ ಅದರಲ್ಲಿ ಇವರೆಲ್ಲರ ಪಾಲೂ ಇದೆಯೆಂದು ನಾನು ನಂಬುತ್ತೇನೆ.

ಹಾಗೆಂದು ಮಾರಿಸ್‌ನ ಪಾಲೇನೂ ಚಿಕ್ಕದಲ್ಲ. ಮೂರೇ ದಿನದ ವಿಶ್ರಾಂತಿಯ ಮೇಲೆ ಆಡುತ್ತಿದ್ದ ಅವನನ್ನು ಒಂಬತ್ತು ಇನಿಂಗ್ಸ್ ಸಮಸಮವಾಗಿ ಮುಗಿದು ಆಟ ಮುಂದುವರಿದಾಗ ಮ್ಯಾನೇಜರ್ ಟಾಮ್ ಕೆಲಿ ಹೊರಗೆ ಕೂರಿಸಲು ಯೋಚಿಸಿದ್ದರು. ಮಾರಿಸ್ ಒಪ್ಪಲಿಲ್ಲ, ಹತ್ತನೆಯದನ್ನೂ ತಾನೇ ಎಸೆದ. ಒಟ್ಟು 126 ಎಸೆತ, ಒಂದೂ ರನ್ ಇಲ್ಲ. ನೂರರ ಆಸುಪಾಸಿನಲ್ಲಿ ಪಿಚರ್‌ನನ್ನು ಬದಲಿಸುವ ಈ ಕಾಲದಲ್ಲಿ ಅಂಥ ಹಟಕ್ಕೆ ಅವಕಾಶ ಸಿಗುವುದೇ ಅಪರೂಪ, ಮತ್ತು ನನಗೆ ಅದು ನಷ್ಟವೆಂದೇ ತೋರುತ್ತದೆ. ಆ ಹತ್ತನೆಯ ಇನಿಂಗ್ಸ್‌ನಲ್ಲೇ ಟ್ವಿನ್ಸ್‌ನ ಡ್ಯಾನ್ ಗ್ಲ್ಯಾಡನ್ ಮುರಿದ ಬ್ಯಾಟಿನಿಂದ ಎರಡು ಬೇಸ್ ಗಳಿಸಿದ, ಜೀನ್ ಲಾರ್ಕಿನ್‌ನ ಹೊಡೆತಕ್ಕೆ ಮನೆ ಮುಟ್ಟಿದ. ಪಂದ್ಯದ ಒಂದೇ ಒಂದು ರನ್ ಅದೇ.

ಪಂದ್ಯದ ವಿಡಿಯೊ ಸಿಕ್ಕರೆ ಎಂಟನೆಯ ಇನಿಂಗ್ಸ್ ತಪ್ಪದೆ ನೋಡು. ಪೆಂಡಲ್ಟನ್ ಹೊಡೆದಾಗ ಚೆಂಡಿನ ಹಿಂದೆ ಹೋಗದೆ ಸ್ಮಿತ್‌ನ ಮೇಲೆಯೇ ಕಣ್ಣಿಡು. ನಾಬ್ಲಾಕ್‌ನ ನಟನೆಗೆ ಅವನು ನಿಜಕ್ಕೂ ಮರುಳಾದನೋ, ಇಲ್ಲ ಚೆಂಡು ಹಿಡಿಯಲ್ಪಡಬಹುದೆಂದು ಕಾದನೋ, ನಿನಗೆ ಏನನ್ನಿಸಿತೆಂದು ಬರೆ.

ನಿನ್ನ ಗೆಳೆಯ