ಸಚಿವರೇ, ಆ ಅಕ್ಕ ಹಗಲು ನೀರು ಕುಡಿಯಲ್ಲ

ವಿಕಲಚೇತನರ ಸಬಲೀಕರಣ ಸಚಿವರಿಗೆ ನಮಸ್ಕಾರ.

ನಾನು ವೀಲ್‌ಚೇರ್ ಬಳಸುವವಳು. ಹದಿನೆಂಟು ವರ್ಷದಿಂದ ವಿಕಲಚೇತನರ ಹಕ್ಕುಗಳ ಕೆಲಸ ಮಾಡುತ್ತಿದ್ದೇನೆ. ಮನೆ ಮನೆಗೆ ಹೋಗಿ, ಅವರ ದಿನ ಹೇಗೆ ಕಳೆಯುತ್ತೆ ಅಂತ ಕೇಳಿ ಬರೆದುಕೊಳ್ಳುವುದೇ ಅದರಲ್ಲಿ ಜಾಸ್ತಿ. ಮೊದಮೊದಲು ನಾನೂ ‘ಏನು ಬೇಕು’ ಅಂತಲೇ ಕೇಳುತ್ತಿದ್ದೆ. ಮಾಸಾಶನ, ತ್ರಿಚಕ್ರ ಗಾಡಿ, ಬಸ್ ಪಾಸು ಅಂತ ಉತ್ತರ ಬರುತ್ತಿತ್ತು. ಆಮೇಲೆ ಪ್ರಶ್ನೆ ಬದಲಾಯಿಸಿದೆ. ಬೆಳಿಗ್ಗೆ ನಿಮ್ಮನ್ನು ಹಾಸಿಗೆಯಿಂದ ಎಬ್ಬಿಸೋದು ಯಾರು? ಅವರು ಊರಿಗೆ ಹೋದರೆ?

ತುಮಕೂರು ಕಡೆಯ ಒಂದು ಹಳ್ಳಿಯಲ್ಲಿ ಒಬ್ಬರು ಅಕ್ಕ ಇದ್ದಾರೆ. ಮಸ್ಕ್ಯುಲರ್ ಡಿಸ್ಟ್ರೋಫಿ, ಅಂದರೆ ಸ್ನಾಯುಗಳು ಬರಬರುತ್ತಾ ಶಕ್ತಿ ಕಳೆದುಕೊಳ್ಳುವ ಕಾಯಿಲೆ. ಅತ್ತಿಗೆ ಬೆಳಿಗ್ಗೆ ಏಳಕ್ಕೆ ಗಾರ್ಮೆಂಟ್ಸ್‌ಗೆ ಹೋದರೆ ವಾಪಸ್ ಬರೋದು ರಾತ್ರಿ ಎಂಟಕ್ಕೆ. ವಯಸ್ಸಾದ ಅಮ್ಮನಿಗೆ ಇವರನ್ನು ಎತ್ತೋಕೆ ಆಗಲ್ಲ. ಅದಕ್ಕೇ ಬೆಳಿಗ್ಗೆ ಅರ್ಧ ಲೋಟ ಕಾಫಿ ಕುಡಿದರೆ ಅತ್ತಿಗೆ ಬರುವವರೆಗೂ ನೀರು ಮುಟ್ಟಲ್ಲ, ಶೌಚಕ್ಕೆ ಹೋಗಬೇಕಾಗುತ್ತಲ್ಲ ಅಂತ. ವಿಕಲಚೇತನರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಯುಡಿಐಡಿ ಕಾರ್ಡ್, ಪ್ಲಾಸ್ಟಿಕ್ ಕವರಿನಲ್ಲಿ ಮೊಳೆಗೆ ನೇತಾಡುತ್ತಿತ್ತು. ಸರ್ಕಾರ ಕೊಟ್ಟ ವೀಲ್‌ಚೇರ್ ಮಡಚಿ ಮೂಲೆಗೆ ಒರಗಿಸಿತ್ತು. ಎಷ್ಟು ಹೊತ್ತು ಸಹಾಯ ಬೇಕು ಅಂತ ಕೇಳಿದೆ. ಬೆರಳು ಮಡಿಸಲು ಆಗದೆ ಬಾಯಲ್ಲೇ ಲೆಕ್ಕ ಹಾಕಿದರು. ‘ದಿನಕ್ಕೆ ಮೂರು ಗಂಟೆ ಸಾಕು. ಸಹಾಯಕ್ಕೆ ಬರೋ ಹುಡುಗಿಯನ್ನು ನಾನೇ ಆರಿಸಿಕೊಳ್ತೀನಿ’ ಅಂದರು.

ಆ ಕೊನೆಯ ಮಾತು ದೊಡ್ಡದು ಸರ್. ಯಾರು ತನ್ನ ಮೈ ಮುಟ್ಟಬೇಕು ಅನ್ನೋದನ್ನು ತಾನೇ ತೀರ್ಮಾನಿಸಬೇಕು, ಅಲ್ವಾ?

ಪೋಲಿಯೊದಿಂದ ಕತ್ತಿನ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದ ಎಡ್ ರಾಬರ್ಟ್ಸ್ 1962ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಬರ್ಕ್‌ಲಿ ವಿಶ್ವವಿದ್ಯಾಲಯ ಸೇರಿದರು. ಈತ ಕೆಲಸಕ್ಕೆ ಬರುವವನಲ್ಲ ಅಂತ ಆ ರಾಜ್ಯದ ಪುನರ್ವಸತಿ ಇಲಾಖೆ ಮೊದಲು ನೆರವು ನಿರಾಕರಿಸಿತ್ತು. ಅವರು ಮತ್ತು ಗೆಳೆಯರು ಸೇರಿ 1972ರಲ್ಲಿ ಸ್ವತಂತ್ರ ಬದುಕಿನ ಕೇಂದ್ರ ಕಟ್ಟಿದರು. ನಡೆಸುವವರೂ ವಿಕಲಚೇತನರೇ. ಕೆಲವು ವರ್ಷಗಳಲ್ಲೇ ರಾಬರ್ಟ್ಸ್ ಅದೇ ಇಲಾಖೆಯ ಮುಖ್ಯಸ್ಥರಾದರು! ಅವರ ಪ್ರಕಾರ ಸ್ವತಂತ್ರ ಬದುಕು ಅಂದರೆ ಎಲ್ಲವನ್ನೂ ಒಬ್ಬರೇ ಮಾಡಿಕೊಳ್ಳುವುದಲ್ಲ, ಯಾವ ಸಹಾಯ, ಯಾರಿಂದ, ಯಾವಾಗ ಅನ್ನೋದು ನಮ್ಮ ಕೈಯಲ್ಲಿರುವುದು.

ಇದು ನಮಗೆ ಹೊರಗಿನ ಮಾತೇನಲ್ಲ. ನಮ್ಮ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 5ನೇ ಸೆಕ್ಷನ್‌ನಲ್ಲೇ ವೈಯಕ್ತಿಕ ಸಹಾಯಕರ ಮಾತಿದೆ. ಆದರೆ ನಾನು ಹೋದ ಮನೆಗಳಲ್ಲಿ ಅಂಥ ಸಹಾಯಕರು ಒಬ್ಬರೂ ಸಿಕ್ಕಿಲ್ಲ. ಎಲ್ಲ ಕಡೆ ಅಮ್ಮ, ಹೆಂಡತಿ, ಇಲ್ಲಾ ಶಾಲೆ ಬಿಟ್ಟ ತಂಗಿ.

ಒಂದು ತಾಲೂಕಿನಲ್ಲಾದರೂ ಶುರು ಮಾಡಿ. ಯಾರಿಗೆ ದಿನಕ್ಕೆ ಎಷ್ಟು ಗಂಟೆ ಸಹಾಯ ಬೇಕು ಅಂತ ಲೆಕ್ಕ ತೆಗೆಸಿ. ಆ ಗಂಟೆಗಳ ಕೂಲಿ ಸರ್ಕಾರ ಕೊಡಲಿ, ಆಯ್ಕೆ ನಮಗೆ ಬಿಡಲಿ. ಲೆಕ್ಕ ತೆಗೆಯೋಕೆ ಹೊರಗಿನ ಏಜೆನ್ಸಿ ಬೇಡ. ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಅವರೂ ವಿಕಲಚೇತನರೇ. ಯಾವ ಮನೆಯಲ್ಲಿ ಯಾರು ನೀರು ಕುಡಿಯದೆ ಕೂತಿದ್ದಾರೆ ಅಂತ ಅವರಿಗೆ ಗೊತ್ತು. ಗೌರವಧನ ಅಂತ ಕೈಗಿಡುವುದನ್ನು ಬಿಟ್ಟು ಸರಿಯಾದ ಸಂಬಳ ಕೊಟ್ಟು ಕೇಳಿ ನೋಡಿ.

ಮುಂದಿನ ತಿಂಗಳು ಮತ್ತೆ ಆ ಅಕ್ಕನ ಮನೆಗೆ ಹೋಗುತ್ತಿದ್ದೇನೆ. ಅಷ್ಟರೊಳಗೆ ನಿಮ್ಮಿಂದ ಒಂದು ಉತ್ತರ ಬಂದರೆ ಅದನ್ನೇ ಅವರಿಗೆ ಓದಿ ಹೇಳುತ್ತೇನೆ.